ಎಂಟು ವರ್ಷ ನೆಂಟರಾಗಿದ್ದ ಹಾಲಮ್ಮ

ಕಳೆದ ವಾರ ಓಟಿನ ದಿನ ಬೆಳಿಗ್ಗೆ ನಮ್ಮ ಓಣಿಗೆ ಒಂದು ಜೀಪು ಬಂತು. ಹಾಲಮ್ಮನವರನ್ನು ಕರೆದುಕೊಂಡು ಹೋಗಲಿಕ್ಕೆ.

ಹಾಲಮ್ಮನವರು ತೀರಿಕೊಂಡು ಅವತ್ತಿಗೆ ಏಳು ತಿಂಗಳು.

ನಾನು ಬಾಗಿಲಲ್ಲಿ ನಿಂತಿದ್ದೆ. (ಮೂವತ್ತು ವರ್ಷದಲ್ಲಿ ಮೊದಲ ಸಲ ಎಲೆಕ್ಷನ್ ಡ್ಯೂಟಿ ಇಲ್ಲದ ಚುನಾವಣೆ. ರಿಟೈರಾದ ಮೇಷ್ಟ್ರಿಗೆ ಓಟಿನ ದಿನ ಏನು ಮಾಡಬೇಕೆಂದೇ ತೋಚುವುದಿಲ್ಲ, ನೋಡಿ.) ಜೀಪು ನಮ್ಮ ಮನೆ ದಾಟಿ ಪಕ್ಕದ ರುದ್ರಪ್ಪನ ಮನೆ ಮುಂದೆ ನಿಂತಿತು. ಪಾರ್ಟಿ ಬಾವುಟ ಕಟ್ಟಿದ ಜೀಪು, ಕಡೂರು ಪೇಟೆಯಿಂದ ಬಂದದ್ದು. ಮುಂದಿನ ಸೀಟಿನಿಂದ ಐವತ್ತರ ಆಸುಪಾಸಿನ ಒಬ್ಬರು ಇಳಿದರು. ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ಸಿಲ್ಲು.

“ಹಾಲಮ್ಮಾರು ರೆಡಿ ಅವ್ರೇನಮ್ಮಾ?”

ಅಂಗಳಕ್ಕೆ ನೀರು ಹಾಕುತ್ತಿದ್ದ ಗಿರಿಜ ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟಳು. ಗಿರಿಜ ಹಾಲಮ್ಮನವರ ಒಬ್ಬಳೇ ಮಗಳು, ರುದ್ರಪ್ಪನ ಹೆಂಡತಿ. ನಾನೇ ಹೋಗಿ ಹೇಳಿದೆ.

“ಅವ್ರು ಹೋಗ್ಬಿಟ್ರು ಕಣ್ರೀ. ಬೇಸಿಗೇಲೇ.”

ಆ ಮನುಷ್ಯ ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡರು. ಕಿವಿಯಿಂದ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಒಂದು ಗೆರೆ ಎಳೆದರು. ಆಮೇಲೆ ಡ್ರೈವರ್ ಕಡೆ ತಿರುಗಿ, “ಛೆ, ಇಲ್ಲೊಂದು ಹೋಯ್ತು” ಅಂದರು.

ಇಲ್ಲೊಂದು ಹೋಯ್ತು. ಅಷ್ಟೇ. ಜೀಪು ತಿರುಗಿಸಿಕೊಂಡು ಹಳ್ಳದ ದಾರಿ ಹಿಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಜೀಪಿನವರಿಗೆ ನಾಲ್ಕು ಮಾತು ಬೈಯಬೇಕೆಂದೇ ಈ ವಾರದ ಅಂಕಣ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಬೈಗುಳ ಯಾರ ಕಡೆ ತಿರುಗಿತು ಅನ್ನುವುದನ್ನು ನೀವೇ ಓದಿ.

ಹಾಲಮ್ಮನವರು ನಮ್ಮೂರಿನವರಲ್ಲ. ನಮ್ಮೂರು ತರೀಕೆರೆ ತಾಲೂಕು, ಅಜ್ಜಂಪುರದ ಕಡೆಯದು. ಊರ ಮುಂದೆ ಒಂದು ಹಳ್ಳ. ಹಳ್ಳ ದಾಟಿದರೆ ಕಡೂರು ತಾಲೂಕು. ಆಕೆಯ ಗಂಡನ ಊರು ಆ ಕಡೆ, ನಡೆದರೆ ಒಂದೂವರೆ ಗಂಟೆಯ ದಾರಿ. ಎಪ್ಪತ್ತಾರರ ಬೇಸಿಗೆಯಲ್ಲಿ ಗಂಡ ತೀರಿಕೊಂಡರು. ಇದ್ದ ತುಂಡು ಹೊಲ ಮೈದುನನ ಮಕ್ಕಳ ಕಡೆ ಹೋಯಿತು. ಅದೇ ವರ್ಷ ಮಳೆಗೆ ಮನೆಯ ಹಿಂದಿನ ಗೋಡೆ ಕೂತಿತು. ಆಕೆ ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಮಗಳ ಮನೆಗೆ ಬಂದರು.

“ನಾಲ್ಕು ದಿನ ಇದ್ದು ಹೋಗನಾಂತ ಬಂದೆ ಕಣೇ” ಅಂದರಂತೆ ಮಗಳಿಗೆ.

ನಾಲ್ಕು ದಿನ ಎಂಟು ವರ್ಷ ಆಯಿತು.

ನಗಬೇಡಿ. ನಮ್ಮ ಕಡೆಯ ಹಳೆಯ ಕಾಲದ ಹೆಂಗಸರಿಗೆ ಮಗಳ ಮನೆಯಲ್ಲಿ ಖಾಯಂ ಆಗಿ ಕೂತು ಉಣ್ಣುವುದು ಅಂದರೆ ಸಾವಿಗಿಂತ ದೊಡ್ಡ ಸಂಕಟ. ಮಗನ ಮನೆಯಲ್ಲಿ ಬೈಸಿಕೊಂಡು ಉಂಡರೂ ಅದು ಹಕ್ಕಿನ ಅನ್ನ. ಮಗಳ ಮನೆಯಲ್ಲಿ ತುಪ್ಪ ಬಡಿಸಿದರೂ ಅದು ಅಳಿಯನ ಅನ್ನ. ಹಾಲಮ್ಮನವರಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಆಕೆ ಒಂದು ಉಪಾಯ ಕಂಡುಕೊಂಡಿದ್ದರು. ನೆಂಟರಾಗಿಯೇ ಉಳಿದುಬಿಟ್ಟರು.

ತಂದ ಗಂಟನ್ನು ಆಕೆ ಪೂರ್ತಿ ಬಿಚ್ಚಲೇ ಇಲ್ಲ. ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದ್ದರು. ಸೀರೆ ಬೇಕಾದಾಗ ಗಂಟು ಇಳಿಸುವುದು, ಒಂದು ಸೀರೆ ತೆಗೆಯುವುದು, ಒಗೆದು ಒಣಗಿಸಿದ್ದನ್ನು ಮಡಿಚಿ ಒಳಗಿಡುವುದು, ಮತ್ತೆ ಕಟ್ಟುವುದು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ, “ನಾಳೆ ಹೊರಡ್ತೀನಿ ಕಣೇ ಗಿರ್ಜಾ” ಅನ್ನುವುದು. ಗಿರಿಜ, “ಇರವ್ವ, ಅದೇನು ಅವಸರ” ಅನ್ನುವುದು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಎಂಟು ವರ್ಷ ಈ ಎರಡು ಮಾತನ್ನು ನಾನು ರೇಡಿಯೋ ವಾರ್ತೆಯಂತೆ ದಿನಾ ಕೇಳಿದ್ದೇನೆ.

ಯುಗಾದಿಗೆ ಮಾತ್ರ ನಿಜವಾಗಿ ಹೊರಡುತ್ತಿದ್ದರು. ಹಳ್ಳ ದಾಟಿ ಗಂಡನ ಊರಿಗೆ ಹೋಗಿ, ಯಾರದೋ ಜಗಲಿಯಲ್ಲಿ ಎರಡು ರಾತ್ರಿ ಕಳೆದು, ಮೂರನೇ ದಿನ ಅದೇ ಗಂಟಿನೊಂದಿಗೆ ವಾಪಸ್ಸು. “ಮೊಮ್ಮಕ್ಳನ್ನ ನೋಡಂಗಾಯ್ತು, ಬಂದೆ.” ನೆಂಟಸ್ತಿಕೆ ರಿನ್ಯೂ ಆದ ಹಾಗೆ.

ಇಷ್ಟೆಲ್ಲ ಮಾಡಿದರೂ ಕೂತು ಉಂಡವರಲ್ಲ. ರಾಗಿ ಹಸನು ಮಾಡುವುದು, ಕೊಟ್ಟಿಗೆ ಕಸ, ಮಕ್ಕಳ ಸ್ನಾನ, ಎಲ್ಲ ಆಕೆಯದೇ. ಅಳಿಯ ರುದ್ರಪ್ಪನಿಗೆ ಬಸ್ ಸ್ಟಾಪಿನ ಹತ್ತಿರ ಒಂದು ಸೈಕಲ್ ಶಾಪು. ಬೆಳಿಗ್ಗೆ ಹೋದರೆ ಸಂಜೆ ಬರುವವನು. ಅವನು ಬಂದ ತಕ್ಷಣ ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು ಹಿತ್ತಲಿಗೆ ಸರಿದುಬಿಡುತ್ತಿದ್ದರು. ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಎಂಟು ವರ್ಷದಲ್ಲಿ ಅವರಿಬ್ಬರೂ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಈಗ ನನ್ನ ಪಾಲಿನ ಕತೆಗೆ ಬರುತ್ತೇನೆ.

ಎಂಬತ್ತನೇ ಇಸವಿಯ ಆಸುಪಾಸು. ರೇಷನ್ ಕಾರ್ಡಿಗೆ ಮನೆ ಮನೆ ಸರ್ವೆ ಮಾಡಬೇಕು ಅಂತ ಆರ್ಡರ್ ಬಂತು. ಸರ್ವೆ ಅಂದ ಮೇಲೆ ಇನ್ಯಾರು? ಮೇಷ್ಟ್ರು. ದನ ಎಣಿಸುವುದಕ್ಕೂ ನಾವೇ, ಜನ ಎಣಿಸುವುದಕ್ಕೂ ನಾವೇ. (ಬಿಡುವಿದ್ದರೆ ಪಾಠವನ್ನೂ ಮಾಡುತ್ತಿದ್ದೆವು.) ನಮ್ಮ ಓಣಿ ನನಗೇ ಬಿತ್ತು. ಪಕ್ಕದ ಮನೆಗೆ ಹೋದಾಗ ರುದ್ರಪ್ಪ ಶಾಪಿನಲ್ಲಿ, ಗಿರಿಜ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಹಾಲಮ್ಮನವರು ಮೊರ ಹಿಡಿದು ಕೂತಿದ್ದರು.

“ಮನೇಲಿ ಎಷ್ಟು ಜನ ಅಂತ ಬರೀಲಿ?” ಅಂದೆ.

“ಗಂಡ ಹೆಂಡ್ತಿ, ಎಲ್ಡು ಮಕ್ಳು. ನಾಕು.”

“ನೀವು?”

ಆಕೆ ಮೊರ ಕೆಳಗಿಟ್ಟರು. “ನಾನು ನೆಂಟಸ್ತಿಕೆಗೆ ಬಂದೋಳಲ್ವಾ ಮೇಷ್ಟ್ರೇ. ನನ್ನ ಯಾಕೆ ಬರಿತೀರಾ? ನಾಳೆ ನಾಡಿದ್ದು ಹೊರಡೋಳು.”

ನಾಲ್ಕು ವರ್ಷದಿಂದ ಆಕೆ ಅಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲವೇ? ಹಿಂದಿನ ಸಂಜೆಯೂ “ಇರವ್ವ” ಕೇಳಿಸಿದೆ. ಆದರೆ ಆಕೆ ನನ್ನ ಪೆನ್ನನ್ನೇ ನೋಡುತ್ತಿದ್ದರು. ಆ ಪೆನ್ನು ಎಲ್ಲಿ “ಐದು” ಅಂತ ಬರೆದು, ಆಕೆ ಮಗಳ ಮನೆಯಲ್ಲಿ ಬಿದ್ದಿದ್ದಾರೆ ಅನ್ನುವುದನ್ನು ಸರ್ಕಾರಕ್ಕೆ ಹೇಳಿಬಿಡುತ್ತೋ ಅನ್ನುವ ಹೆದರಿಕೆ ಆ ಕಣ್ಣಲ್ಲಿತ್ತು.

ನಾನು ನಾಲ್ಕು ಅಂತ ಬರೆದೆ. ಆಕೆಯ ಮರ್ಯಾದೆ ಉಳಿಸಿದೆ ಅಂತ ಒಳಗೊಳಗೇ ಹಿಗ್ಗಿದೆ ಕೂಡ. ಕೆಳಗೆ ನೀಟಾಗಿ ರುಜು ಹಾಕಿದೆ.

ಇಲ್ಲಿ ಸ್ವಲ್ಪ ನಮ್ಮ ಎರಡು ದಡಗಳ ವಿಚಾರ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ.

ಹಳ್ಳದ ಈಚೆ ಮಣ್ಣು, ಆಚೆ ಮಣ್ಣು ಎರಡೂ ಒಂದೇ. ಅದೇ ರಾಗಿ, ಅದೇ ಈರುಳ್ಳಿ, ಅದೇ ಕೈಕೊಡುವ ಮಳೆ. ಆದರೆ ಕಾಗದದಲ್ಲಿ ನಾವು ಮಲೆನಾಡಿನ ಮಗ್ಗುಲಿನವರು. ಯಾಕೆಂದರೆ ನಮ್ಮ ತಾಲೂಕಿನ ಆ ತುದಿಯಲ್ಲಿ ಹೆಬ್ಬೆಯ ಕಾಡಿದೆ, ಜಲಪಾತವಿದೆ. ಅಲ್ಲಿ ಬಿದ್ದ ಮಳೆಯನ್ನೂ ಇಲ್ಲಿ ಬೀಳದ ಮಳೆಯನ್ನೂ ಕೂಡಿಸಿ ಭಾಗಿಸಿದರೆ ನಾವೂ ಒದ್ದೆಯೇ. ಎಪ್ಪತ್ತರ ದಶಕದಲ್ಲಿ ಒಂದು ವರ್ಷ ಎರಡು ದಡದಲ್ಲೂ ಹೊಲ ಒಣಗಿದಾಗ, ಆಚೆ ದಡದಲ್ಲಿ ರಸ್ತೆಗೆ ಮಣ್ಣು ಹಾಕುವ ಬರ ಪರಿಹಾರದ ಕೆಲಸ ಶುರುವಾಯಿತು. ನಮ್ಮವರು ಈಚೆ ದಡದಲ್ಲಿ ಕೂತು ನೋಡಿದರು. ಹೆಬ್ಬೆಯ ನೀರು ನಮ್ಮ ಬಾಯಿಗೆ ಬರಲಿಲ್ಲ, ಬರೀ ನಮ್ಮ ಲೆಕ್ಕಕ್ಕೆ ಬಂತು.

ಇದು ಮಳೆಯ ಲೆಕ್ಕ. ತಲೆಗಳ ಲೆಕ್ಕ ಇನ್ನೊಂದು.

ಹಾಲಮ್ಮನವರ ಗಂಡನ ಊರು ದೊಡ್ಡದು. ಹೆಚ್ಚುಕಮ್ಮಿ ಒಂದೇ ಜಾತಿಯ ಜನ. ಅಲ್ಲಿ ಒಬ್ಬರು ಮುಖಂಡರಿದ್ದರು. ಅವರು ಜಗಲಿ ಮೇಲೆ ಕೂತು ಒಂದು ಮಾತು ಹೇಳಿದರೆ ಊರಿಗೆ ಊರೇ ಒಂದೇ ಗುರುತಿಗೆ ಒತ್ತುತ್ತಿತ್ತು. ಅಂಥ ಊರನ್ನು ಯಾರಿಗೆ ಬಿಡಲಿಕ್ಕಾಗುತ್ತೆ? ಅಲ್ಲಿಗೆ ಸರ್ಕಾರ ಕಟ್ಟಿಕೊಡುವ ಜನತಾ ಮನೆ ಬಂದವು, ಬೀದಿಗೆ ನಲ್ಲಿ ಬಂತು, ಬಡವರ ಮನೆಗೆ ಒಂದೊಂದು ಬಲ್ಬು ಬಂತು. ನಮ್ಮೂರು ಸಣ್ಣದು. ನಾಲ್ಕು ಜಾತಿ, ಐದು ಗುಂಪು, ಆರು ಅಭಿಪ್ರಾಯ. ಗೆದ್ದವರಿಗೂ ನಮ್ಮ ಮೇಲೆ ನಂಬಿಕೆ ಇಲ್ಲ, ಸೋತವರಿಗೂ ಇಲ್ಲ. ನಮ್ಮೂರಿನ ಹೆಸರು ಪಟ್ಟಿಯ ಕೊನೆಯಲ್ಲಿ ಇರುತ್ತಿತ್ತು. ಪಟ್ಟಿ ಯಾವಾಗಲೂ ಮೇಲಿನಿಂದ ಶುರುವಾಗಿ ನಡುವೆಯೇ ಮುಗಿಯುತ್ತಿತ್ತು.

ನಾನು ಯಾರನ್ನೂ ದೂರುತ್ತಿಲ್ಲ. ಕೊಡುವವರ ಕೈ ಎಣಿಸಿದ ಕಡೆಗೇ ಚಾಚುತ್ತೆ. ಎಣಿಕೆಗೆ ಸಿಗದವರು ಏನು ಮಾಡಬೇಕು ಅನ್ನುವುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಎಂಬತ್ತೆರಡರಲ್ಲಿ ಆಚೆ ದಡದಲ್ಲಿ ವೃದ್ಧಾಪ್ಯ ವೇತನದ ಕ್ಯಾಂಪ್ ಆಗುತ್ತೆ ಅಂತ ಸುದ್ದಿ ಬಂತು. ಸ್ಥಳದಲ್ಲೇ ಅರ್ಜಿ, ಸ್ಥಳದಲ್ಲೇ ಮಂಜೂರು. ಆ ಸಂಜೆ ಹಾಲಮ್ಮನವರು ನಮ್ಮ ಮನೆಗೆ ಬಂದರು. ಅವರಾಗಿ ಬಂದದ್ದು ಅದೇ ಮೊದಲು. ಹೊಸ್ತಿಲ ಹೊರಗೇ ನಿಂತರು.

“ಮೇಷ್ಟ್ರೇ, ನಂಗೊಂದು ಅರ್ಜಿ ಬರ್ದು ಕೊಡ್ತೀರಾ?”

“ಬರೆಯೋಣ. ಕೂತ್ಕೊಳ್ಳಿ.”

ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. “ಎಷ್ಟಾರ ಬರ್ಲಿ ಮೇಷ್ಟ್ರೇ. ಬಂದಿದ್ದನ್ನ ಹಂಗೇ ಗಿರ್ಜನ ಕೈಗೆ ಹಾಕ್ತೀನಿ. ನನ್ನ ಅನ್ನ ನಾನು ಉಂಡಂಗಾಯ್ತದೆ. ಆಮೇಲೆ ಗಂಟು ಬಿಚ್ಚಿಡ್ತೀನಿ.”

ಗಂಟು ಬಿಚ್ಚಿಡ್ತೀನಿ. ಆಕೆಗೆ ಬೇಕಾಗಿದ್ದದ್ದು ದುಡ್ಡಲ್ಲ ಅಂತ ನನಗೆ ಆಗ ಹೊಳೆಯಿತು. ಒಂದು ಮನೆಯಲ್ಲಿ ಇದ್ದೇನೆ ಅಂತ ಬಾಯಿಬಿಟ್ಟು ಹೇಳುವುದಕ್ಕೆ ಒಂದು ನೆಪ ಬೇಕಾಗಿತ್ತು.

ಕ್ಯಾಂಪಿನ ದಿನ ಇಬ್ಬರೂ ಹಳ್ಳ ದಾಟಿ ನಡೆದು ಹೋದೆವು. ಆಕೆ ಮುಂದೆ, ನಾನು ಹಿಂದೆ. ಗಂಡನ ಊರು ಕಾಣುತ್ತಲೇ ಆಕೆಯ ನಡಿಗೆ ಬದಲಾಯಿತು. ಎದುರಾದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದರು.

ಊರ ಮುಂದಿನ ಕಟ್ಟೆಯ ಮೇಲೆ ಮೇಜು, ಶಾಮಿಯಾನ. ಮುಖಂಡರು ಆಕೆಯನ್ನು ಗುರುತು ಹಿಡಿದರು. “ಬನ್ನಿ ಹಾಲಮ್ಮಾರೇ, ನಮ್ಮೂರ ಸೊಸೆ” ಅಂದರು. ಓಟರ್ ಲಿಸ್ಟ್ ತೆರೆದರು. ಇತ್ತು ಹೆಸರು. ಗಂಡನ ಹೆಸರು, ಮನೆ ನಂಬರು, ಎಲ್ಲ ಅಚ್ಚುಕಟ್ಟು. ನಾನು ಗೆದ್ದೆವು ಅಂದುಕೊಂಡೆ.

ಮೇಜಿನ ಹಿಂದಿದ್ದ ಅಧಿಕಾರಿ ಹೊಸಬರು, ಸಂಭಾವಿತರು. ಒಂದೇ ಪ್ರಶ್ನೆ ಕೇಳಿದರು. “ಅಮ್ಮಾ, ಈಗ ವಾಸ ಎಲ್ಲಿ?”

“ಇಲ್ಲೇ ಸ್ವಾಮಿ.”

“ಮನೆ ತೋರಿಸ್ತೀರಾ?”

ಆಕೆ ಕೈ ಎತ್ತಿ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಅರ್ಧ ಗೋಡೆ, ಮಣ್ಣಿನ ಗುಡ್ಡೆ, ಅದರ ಮೇಲೆ ಎಕ್ಕದ ಗಿಡ. ಯಾರದೋ ಕುರಿ ಕಟ್ಟಿತ್ತು.

ಹಿಂದಿನಿಂದ ಮೈದುನನ ಮಗ ಹೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. “ಅವ್ರು ಮಗಳ ಮನೇಲವ್ರೆ ಸಾರ್, ಹಳ್ಳದಾಚೆ. ಎಲೆಕ್ಷನ್ನಾಗೆ ನಾವೇ ಜೀಪಾಗೆ ಕರ್ಕಂಬರ್ತೀವಿ.”

“ನೆಂಟಸ್ತಿಕೆಗೆ ಹೋಗಿದ್ದೀನಿ, ಅಷ್ಟೇಯ” ಅಂದರು ಹಾಲಮ್ಮ. ಊರವರೆಲ್ಲರ ಎದುರು. ಮಗಳ ಮನೆಯಲ್ಲಿದ್ದೀನಿ ಅನ್ನುವ ಮಾತು ಆ ಕಟ್ಟೆಯ ಮುಂದೆ ಆಕೆಯ ಬಾಯಿಂದ ಬರಲೇ ಇಲ್ಲ.

ಅಧಿಕಾರಿ ಪೆನ್ನು ಮುಚ್ಚಿದರು. “ಎಲ್ಲಿ ವಾಸ ಇದೀರೋ ಅಲ್ಲೇ ಹಾಕ್ಬೇಕಮ್ಮ. ಅದು ಬೇರೆ ತಾಲೂಕು. ನಾನು ಕೊಟ್ರೆ ನಾಳೆ ವಾಪಸ್ ಹೋಗುತ್ತೆ.” ಹೇಳುವಾಗ ಅವರಿಗೂ ಹಿತವಾಗಿರಲಿಲ್ಲ.

ಓಟಿಗೆ ಈ ಊರಿನವರು. ಅನ್ನಕ್ಕೆ ಆ ಊರಿನವರು. ಒಂದೇ ಹೆಂಗಸು.

ಸರಿ, ನಮ್ಮ ದಡದಲ್ಲೇ ಹಾಕೋಣ ಅಂತ ಮುಂದಿನ ವಾರ ಬಸ್ಸು ಹತ್ತಿಸಿದೆ. ತಾಲೂಕು ಕಚೇರಿಯ ಗುಮಾಸ್ತರು ಕೂರಿಸಿ, ಅರ್ಜಿ ಓದಿ, ರೇಷನ್ ಕಾರ್ಡಿನಲ್ಲಿ ಹೆಸರಿದೆಯಾ ಅಂತ ಕೇಳಿದರು. ಇರಲಿಲ್ಲ. ಕಟ್ಟಿನಿಂದ ನಮ್ಮೂರಿನ ಸರ್ವೆ ಹಾಳೆ ಹುಡುಕಿ ತೆಗೆದರು. ಓದಿದರು. ಆಮೇಲೆ ಹಾಳೆಯನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿದರು.

“ಇದು ನಿಮ್ದೇ ರುಜು ಅಲ್ವಾ ಸಾರ್?”

ನನ್ನದೇ. ದುಂಡಗೆ, ಮುದ್ದಾಗಿ. ಮನೆಯಲ್ಲಿ ಇರುವವರು: ನಾಲ್ಕು.

ಹಾಲಮ್ಮನವರಿಗೆ ಓದಲು ಬರುತ್ತಿರಲಿಲ್ಲ. ನನ್ನ ಮುಖ ಓದಿಕೊಂಡರು. ಕಚೇರಿಯ ಮೆಟ್ಟಿಲು ಇಳಿಯುವಾಗ ನನ್ನನ್ನೇ ಸಮಾಧಾನ ಮಾಡಿದರು. “ಬಿಡಿ ಮೇಷ್ಟ್ರೇ. ನಾನೇ ಹೇಳಿದ್ದಲ್ವಾ, ನೀವು ಬರ್ದ್ರಿ.”

ಗುಮಾಸ್ತರು ದಾರಿಯನ್ನೂ ತೋರಿಸಿದ್ದರು. ನಮ್ಮ ಕಡೆಯ ಆ ವರ್ಷದ ಕೋಟಾ ಮುಗಿದಿತ್ತು. ಆಚೆ ದಡದ ಹಾಗೆ ಕ್ಯಾಂಪು ಗೀಂಪು ನಮಗೆಲ್ಲಿ? ಆದರೆ ಮುಂದಿನ ವರ್ಷಕ್ಕೆ ಆಗುತ್ತಿತ್ತು. ಬೇಕಾಗಿದ್ದದ್ದು ಒಂದೇ ಕಾಗದ. “ನನ್ನ ಅತ್ತೆ ಹಾಲಮ್ಮ ಎಂಬವರು ನನ್ನ ಮನೆಯಲ್ಲಿ ಖಾಯಂ ವಾಸವಾಗಿದ್ದಾರೆ” ಅಂತ ಮನೆಯ ಯಜಮಾನ ಬರೆದು ಸಹಿ ಮಾಡಬೇಕು. ರುದ್ರಪ್ಪನ ಒಂದು ಸಹಿ. ನಾನು ಸರ್ವೆಯಲ್ಲಿ ತಪ್ಪಾಗಿದೆ ಅಂತ ಇನ್ನೊಂದು ಸಹಿ ಹಾಕಿದರೆ ಮುಗಿಯಿತು.

ಬಸ್ಸಿನಲ್ಲಿ ಇದನ್ನು ಹೇಳಿದೆ. ಆಕೆ ಕಿಟಕಿಯ ಕಡೆ ತಿರುಗಿದರು. ಊರು ಬಂತು ಅನ್ನುವಾಗ ಹೇಳಿದರು.

“ಬ್ಯಾಡ ಮೇಷ್ಟ್ರೇ. ಆ ಮಾತನ್ನ ಅಳಿಯನ ಕೈಲಿ ಬರೆಸ್ಬ್ಯಾಡಿ. ಬರ್ಕೊಟ್ಟ ಮ್ಯಾಲೆ ಅವ್ರು ಇಲ್ಲ ಅನ್ನಂಗಿಲ್ಲ, ನಾನು ಹೊರಡ್ತೀನಿ ಅನ್ನಂಗಿಲ್ಲ. ಅವ್ರ ಕುತ್ಗೆಗೆ ನನ್ನ ಕಟ್ದಂಗಾಯ್ತದೆ. ಕೇಳಲ್ಲ ಅಂತ ಮಾತು ಕೊಡಿ.”

ಕೊಟ್ಟೆ. ನೋಡಿ, ಎರಡನೇ ಸಲವೂ ನಾನು ಮರ್ಯಾದಸ್ಥನೇ ಆದೆ.

ಅರ್ಜಿ ನಮ್ಮ ಮನೆಯ ಟ್ರಂಕಿನಲ್ಲಿ ಉಳಿಯಿತು. ದಿನಾ ರುದ್ರಪ್ಪನ ಸೈಕಲ್ ಶಾಪಿನ ಮುಂದೆಯೇ ಸ್ಕೂಲಿಗೆ ಹೋಗುತ್ತಿದ್ದೆ. ನನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನೂ ಅವನೇ. ಪಂಪು ಒತ್ತುವಾಗ ಹೇಳಿಬಿಡಲೇ ಅನ್ನಿಸುತ್ತಿತ್ತು. ಮಾತು ಕೊಟ್ಟಿದ್ದೀನಲ್ಲ ಅಂತ ಸುಮ್ಮನಾಗುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನು “ನನ್ನ ತಲೆಗೇಕೆ ಕಟ್ತೀರಿ” ಅಂದರೆ ಅನ್ನುವ ಭಯವೂ ಇತ್ತು. ಅವನು ಏನನ್ನುತ್ತಾನೆ ಅಂತ ಅವನ ಬದಲು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮುಂದಿನ ವರ್ಷವೂ ಹೋಯಿತು. ಆ ವರ್ಷದ ಚುನಾವಣೆಗೆ ಜೀಪು ಬಂತು. ಆಕೆ ತಲೆಗೆ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತು ಹೋದರು. “ನಮ್ಮೂರಿಗೆ ಹೋಗ್ಬತ್ತೀನಿ ಕಣೇ” ಅಂದದ್ದು ಓಣಿಗೆಲ್ಲ ಕೇಳಿಸಿತಂತೆ, ಡ್ಯೂಟಿ ಮುಗಿಸಿ ಬಂದ ನನಗೆ ಹೆಂಡತಿ ಹೇಳಿದಳು. ಸಂಜೆ ಹಳ್ಳದವರೆಗೆ ತಂದು ಬಿಟ್ಟರಂತೆ. ಅಲ್ಲಿಂದ ನಡೆದು ಬಂದರು.

ಈ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಹಿತ್ತಲಲ್ಲಿ ರಾಗಿ ಕೇರುತ್ತಿದ್ದವರು ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ. ಮೊರ ತೊಡೆಯ ಮೇಲೇ ಇತ್ತು.

ಜನ ಸೇರಿದರು. ಗಿರಿಜ ಅಳುತ್ತಲೇ ಗಂಡನನ್ನು ಕೇಳಿದಳು, ಅಪ್ಪನ ಊರಿಗೆ ಒಯ್ಯಬೇಕೇನೋ ಅಂತ. ರುದ್ರಪ್ಪ ಒಂದೇ ಮಾತು ಹೇಳಿದ. “ಇಲ್ಲೇ.” ನಮ್ಮೂರಿನ ರುದ್ರಭೂಮಿಯಲ್ಲಿ, ಅವನ ಅಪ್ಪ ಅಮ್ಮನ ಪಕ್ಕದಲ್ಲೇ ಗುಣಿ ತೋಡಿಸಿ ಮಣ್ಣು ಮಾಡಿದ.

ಮಣ್ಣು ಮಾಡಿ ಬಂದ ಮೇಲೆ ಗಿರಿಜ ಆ ಗಂಟನ್ನು ಗೂಟದಿಂದ ಇಳಿಸಿ ಬಿಚ್ಚಿದಳು. ನಾನೂ ನನ್ನ ಹೆಂಡತಿಯೂ ಅಲ್ಲೇ ಕೂತಿದ್ದೆವು. ಮೂರು ಸೀರೆ. ಗಂಡನ ವಿಭೂತಿ ಗಟ್ಟಿ, ಅರ್ಧ ಸವೆದದ್ದು. ಒಂದು ಹಿತ್ತಾಳೆ ಲೋಟ. ಒಂದು ಪುಟ್ಟ ಬಟ್ಟೆಯಲ್ಲಿ ಮಡಿಚಿಟ್ಟ ಕೆಲವು ಚೀಟಿಗಳು. ದುಡ್ಡಿನ ಚೀಟಿ ಇರಬೇಕೆಂದು ಗಿರಿಜ ನನ್ನ ಕೈಗೆ ಕೊಟ್ಟಳು.

ಓಟಿನ ಚೀಟಿಗಳು. ಪ್ರತಿ ಚುನಾವಣೆಗೂ ಜೀಪಿನವರು ಕೊಟ್ಟವು. ಒಂದೊಂದರಲ್ಲೂ ಕ್ರಮ ಸಂಖ್ಯೆ, ಹೆಸರು, ಗಂಡನ ಹೆಸರು, ಊರು. ಓದಲು ಬರದ ಹೆಂಗಸು ಅವನ್ನು ಯಾಕೆ ಕಾಪಾಡಿದರು? ನನಗೆ ಗೊತ್ತಿದೆ. ಆಕೆ ಯಾವುದೋ ಒಂದು ಊರಿನವರು ಅಂತ ಒಪ್ಪಿಕೊಂಡ ಕಾಗದ ಇಡೀ ಪ್ರಪಂಚದಲ್ಲಿ ಅವಷ್ಟೇ.

ನನಗೆ ಅಲ್ಲಿ ಕೂರಲಿಕ್ಕಾಗಲಿಲ್ಲ. ಎದ್ದು ಬಂದುಬಿಟ್ಟೆ.

ಈಗ ಮತ್ತೆ ಕಳೆದ ವಾರಕ್ಕೆ. ಜೀಪು ಹೋದ ಮೇಲೆ, ಓಟು ಹಾಕಿ ಬಂದ ರುದ್ರಪ್ಪನಿಗೆ ಗಿರಿಜ ವಿಷಯ ಹೇಳಿದಳು. ಅವನು ಜಗಲಿಯಲ್ಲಿ ಕೂತ. ನಾನು ಜೀಪಿನವರಿಗೆ ಬೈಯುತ್ತಾ ಅವನ ಪಕ್ಕ ಕೂತೆ. ಒಂದು ಹೆಣ್ಣುಜೀವ ಅಂದರೆ ಒಂದು ಓಟು ಅಷ್ಟೇನಾ, ಕೊಡುವಾಗ ಹಳ್ಳ ಅಡ್ಡ ಬರುತ್ತೆ, ಕೇಳುವಾಗ ಬರಲ್ಲ, ಅಂತೆಲ್ಲ. ಮಾತಿನ ಭರದಲ್ಲಿ ಅರ್ಜಿಯ ವಿಚಾರವೂ ಬಂದುಬಿಟ್ಟಿತು. ನಿನ್ನ ಒಂದು ಸಹಿ ಬೇಕಾಗಿತ್ತು ಕಣೋ, ಆಕೆ ಕೇಳಬೇಡಿ ಅಂದರು, ನಾನು ಕೇಳಲಿಲ್ಲ ಅಂದೆ.

ರುದ್ರಪ್ಪ ನನ್ನ ಮುಖ ನೋಡಿದ. ಅವನಿಗೆ ಇದೊಂದೂ ಗೊತ್ತಿರಲಿಲ್ಲ.

“ಕೇಳಿದ್ರೆ ಹಾಕ್ತಿದ್ನಲ್ಲ ಮೇಷ್ಟ್ರೇ” ಅಂದ.

ಆಮೇಲೆ ಎದ್ದು ನನ್ನನ್ನು ಒಳಗೆ ಕರೆದ. ನಡುಮನೆಯ ಗೋಡೆಯಲ್ಲಿ, ದೇವರ ಗೂಡಿನ ಪಕ್ಕ, ಒಂದು ಮರದ ಹಲಗೆ. ನಾನು ಹತ್ತಾರು ಸಲ ನೋಡಿದ್ದ ಹಲಗೆ. ಚೊಕ್ಕಟವಾಗಿ ಕೀಸುಳಿ ಹೊಡೆದದ್ದು. ಬೇರೆ ಹಲಗೆಗಳ ಮೇಲೆಲ್ಲ ಪಾತ್ರೆ, ಡಬ್ಬ, ಮಕ್ಕಳ ಪುಸ್ತಕ. ಇದರ ಮೇಲೆ ಏನೂ ಇಲ್ಲ.

“ಅವ್ರು ಬಂದ ವರ್ಷನೇ ಹೊಡ್ದಿದ್ದು” ಅಂದ ರುದ್ರಪ್ಪ. “ಅತ್ತೆಯವ್ರ ಗಂಟು ಗೂಟದಾಗೆ ನೇತಾಡ್ತಿತ್ತಲ್ಲ, ನೋಡಕ್ಕಾಗ್ತಿರ್ಲಿಲ್ಲ. ಇಲ್ಲಿಟ್ಕೊಳ್ಳಿ ಅಂತ ನಾನು ಹೆಂಗೆ ಹೇಳ್ಲಿ? ಅವ್ರು ಎದುರಿಗೇ ಬರ್ತಿರ್ಲಿಲ್ಲ. ಹಲಗೆ ನೋಡಿ ತಿಳ್ಕಂತಾರೆ ಅನ್ಕೊಂಡೆ. ನಾವೂ ಅದ್ರ ಮ್ಯಾಲೆ ಏನೂ ಇಡ್ಲಿಲ್ಲ.”

ಎಂಟು ವರ್ಷ. ಹಲಗೆ ಒಂದು ಗೋಡೆಯಲ್ಲಿ ಖಾಲಿ. ಗಂಟು ಇನ್ನೊಂದು ಗೋಡೆಯಲ್ಲಿ ನೇತಾಡುತ್ತಾ. ನಡುವೆ ಆರು ಹೆಜ್ಜೆ.

ಆಕೆಯೂ ಆ ಹಲಗೆಯನ್ನು ದಿನಾ ಒರೆಸುತ್ತಿದ್ದರಂತೆ, ಗಿರಿಜ ಹೇಳಿದಳು. ಯಾರಿಗೋ ಇಟ್ಟದ್ದು ಅಂತ ತಿಳಿದು ಅದರ ಮೇಲೆ ಒಂದು ಸೂಜಿಯನ್ನೂ ಇಟ್ಟವರಲ್ಲ.

ನನಗೆ ಆ ಮನೆಯಲ್ಲಿ ನಿಂತುಕೊಂಡೇ ಅಳು ಬಂತು. ಅರವತ್ತಕ್ಕೆ ಹತ್ತಿರದ ಗಂಡಸು, ಪಕ್ಕದ ಮನೆಯ ಹಲಗೆ ನೋಡಿ ಅತ್ತುಬಿಟ್ಟೆ. ರುದ್ರಪ್ಪ ನೀರು ತಂದುಕೊಟ್ಟ.

ಸರ್ಕಾರಕ್ಕೆ ಆಕೆ ಎಲ್ಲಿಯವರು ಅಂತ ತಿಳಿಯಲಿಲ್ಲ, ಒಪ್ಪಿದೆ. ಅದಕ್ಕೆ ಹಳ್ಳ ಅಡ್ಡ, ತಾಲೂಕು ಅಡ್ಡ, ಹೆಬ್ಬೆಯ ಮಳೆ ಅಡ್ಡ. ನನಗೆ ಏನು ಅಡ್ಡ ಇತ್ತು? ಒಂದು ಗೋಡೆ. ಅದರಲ್ಲೂ ಎಲ್ಲ ಕೇಳಿಸುವ ಗೋಡೆ. ನನ್ನ ಕೈಯಲ್ಲಿ ಪೆನ್ನಿತ್ತು, ನನ್ನ ಮುಂದೆ ಹಾಳೆ ಇತ್ತು. ಒಂದು ಗಂಟೆ ಕಾದಿದ್ದರೆ ಗಿರಿಜ ಗಿರಣಿಯಿಂದ ಬರುತ್ತಿದ್ದಳು, ಸಂಜೆ ಕೇಳಿದ್ದರೆ ರುದ್ರಪ್ಪ ಹೇಳುತ್ತಿದ್ದ, ಐದು ಜನ ಅಂತ. ಮಾತು ಮುರಿದಿದ್ದರೂ ಆಗುತ್ತಿತ್ತು. ಎರಡು ದಿನ ಬೇಜಾರು ಮಾಡಿಕೊಂಡು, ಮೂರನೇ ದಿನ ಆಕೆ ಗಂಟು ಬಿಚ್ಚುತ್ತಿದ್ದರು.

ಪೆನ್ಸಿಲ್ ಕಿವಿಗಿಟ್ಟುಕೊಂಡು ಬಂದ ಆ ಜೀಪಿನ ಮನುಷ್ಯರಿಗೆ ಬೈಯಲು ಕೂತವನು ನಾನು. ಅವರ ಪಟ್ಟಿಯಲ್ಲಿ ಗೆರೆ ಎಳೆಯಲಿಕ್ಕಾದರೂ ಹಾಲಮ್ಮ ಅನ್ನುವ ಒಂದು ಹೆಸರಿತ್ತು.

ನನ್ನ ಪಟ್ಟಿಯಲ್ಲಿ?